ನಡುವಿನ ಸಹಿ

ರಾತ್ರಿ ಎರಡು ನಲವತ್ತಕ್ಕೆ ಗೋಡೆಯ ಪರದೆಯಲ್ಲಿ
ಒಂದು ಚೌಕ ಕೆಂಪಾಯಿತು.
ಡಯಾಲಿಸಿಸ್ ಕ್ಲಿನಿಕ್ಕಿನ ಸೈಟು.
ಉಳಿದ ಇನ್ನೂರ ಹನ್ನೊಂದಕ್ಕೆ ಹಸಿರು ನಿದ್ದೆ.

ರೊಡೆಲ್ ನೂಡಲ್ಸ್ ಬಟ್ಟಲು ಕೆಳಗಿಟ್ಟು ತನ್ನ ಫೋನಿನಲ್ಲಿ ತೆರೆದ.
'ಸರಿಯಾಗೇ ಇದೆಯಲ್ಲ ಖಾರ್ವಿ, ಬೀಗದ ಗುರುತೂ ಇದೆ.'
ನನ್ನಲ್ಲೂ ತೆರೆಯಿತು:
ಬೆಳಗಿನ ಏಳರ ಸರದಿಗೆ ಮೂರು ಹಾಸಿಗೆ ಖಾಲಿ.
ಉಪಕರಣ ಮಾತ್ರ ನಿಮಿಷಕ್ಕೊಮ್ಮೆ ಹೋಗಿ ಕದ ತಟ್ಟಿ
ನಿಮಿಷಕ್ಕೊಮ್ಮೆ ತಿರುಗಿ ಬಂದು
ಅದೇ ಚಾಡಿ ಹೇಳುತ್ತದೆ:
ಸರ್ಟಿಫಿಕೇಟು ನಂಬುವಂತಿಲ್ಲ.

ಅವಧಿ ನೋಡಿದೆ. ಹೊಚ್ಚ ಹೊಸದು,
ಈಗಷ್ಟೇ ಯಾರೋ ಹಾಕಿ ಮಲಗಿದ್ದಾರೆ.
ಹೆಸರು ನೋಡಿದೆ, ಅಕ್ಷರಕ್ಕೆ ಅಕ್ಷರ ಕೂಡುತ್ತದೆ.
ನಮ್ಮ ಸರ್ವರಿನ ಗಡಿಯಾರದ ಮೇಲೆ ನನಗೆ ಹಳೆಯ ಗುಮಾನಿ,
ಈ ಸಲ ಪಾಪ, ಅದೂ ಸರಿ.
ಕೊನೆಗೆ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದು ಕೇಳಿದೆ:
ನಿನಗೆ ಸಹಿ ಹಾಕಿದವರು ಯಾರು?
ಒಂದು ಹೆಸರು ಬಂತು.
ಅವರು ಯಾರೆಂದು ಹೇಳುವ ಕಾಗದ?
ಖಾಲಿ.

ಬ್ರೌಸರು ಊರೂರು ತಿರುಗಿದ್ದು.
ಎಲ್ಲೋ ಕಂಡ ಆ ನಡುವಿನವರ ಮುಖ ನೆನಪಿಟ್ಟು
'ಓ, ಅವರ ಕಡೆಯವರಾ, ಬನ್ನಿ' ಅನ್ನುತ್ತದೆ.
ಉಪಕರಣಕ್ಕೆ ನೆನಪಿಲ್ಲ.
ಪ್ರತಿ ನಿಮಿಷವೂ ಅದು
ಇವತ್ತೇ ಕೆಲಸಕ್ಕೆ ಸೇರಿದ ಗುಮಾಸ್ತ.

'ಪರೀಕ್ಷೆ ಬೇಡ ಅಂತ ಗುರುತು ಹಾಕಿಬಿಡು, ಹಸಿರಾಗುತ್ತೆ.'
ಪುಟ್ಟ ಚೌಕ, ಬೆರಳಿಗೆ ಹತ್ತಿರ.

ಒಂಬತ್ತು ವರ್ಷದ ಹಿಂದೆ ಇದೇ ರೂವಿಯ ಒಂದು ಕೌಂಟರಿನಲ್ಲಿ
ನನ್ನ ಡಿಪ್ಲೊಮಾ ಮಗುಚಿ ಹಾಕಿದ್ದರು.
ಕೆಳಗೆ ಪ್ರಿನ್ಸಿಪಾಲರ ಸಹಿ, ಮೇಲೆ ರಾಯಭಾರ ಕಚೇರಿಯ ಮೊಹರು,
ನಡುವಿನದು ಬೆವರಿಗೆ ಕರಗಿ ನೀಲಿ ಕಲೆ.
'ಇದು ಯಾರು?' ಕಲೆಯ ಮೇಲೆ ಬೆರಳು.
ನನಗೆ ಅರಬಿ ಬಾರದು, ಅಳು ಬರುತ್ತದೆ.
ಸಾಲಿನ ಹಿಂದಿನಿಂದ ಪುತ್ತುಬಾವ ಎದ್ದು ಬಂದ,
ಹಮ್ರಿಯಾದ ಚಹಾ ಅಂಗಡಿಯವ,
ಗಂಗೊಳ್ಳಿ ಅಂದದ್ದಕ್ಕೆ 'ಬಂಗುಡೆ ಹೇಗೆ ಈ ಸಲ' ಅಂತ ಕೇಳಿದ್ದ,
ಅಷ್ಟೇ ಪರಿಚಯ. ಕೌಂಟರಿಗೆ ಒರಗಿ ಹೇಳಿದ:
'ಹಾದಿ ಬಿಂತಿ.'

ಇವಳು ನನ್ನ ಮಗಳು.
ಗುಮಾಸ್ತ ನನ್ನ ಹಣೆಯ ಬೊಟ್ಟು ನೋಡಿದ,
ಅವನ ಬಿಳಿ ಟೋಪಿ ನೋಡಿದ,
ನಕ್ಕ. ಮೊಹರು ಒತ್ತಿದ.
ನನಗೆ ಕೇಳಿದ್ದು ಮೊದಲ ಪದ ಒಂದೇ, ಹಾದಿ.
ಬಿಟ್ಟರು ಅಂದುಕೊಂಡು ಬಾಗಿಲ ಕಡೆ ನಡೆದಿದ್ದೆ.

ಹಾಗೆ ಒಳಗೆ ಬಂದವಳು
ಈ ಗುರುತು ಹಾಕಲು ಯಾಕೆ ಅಂಜಿದೆನೋ.
ಪುತ್ತುಬಾವ ಹೇಳಿದ್ದೂ ಸುಳ್ಳೇ.
ಆದರೆ ಎದ್ದು ಬಂದು, ಮುಖ ತೋರಿಸಿ ಹೇಳಿದ್ದ.
ಈ ಚೌಕ ಯಾರನ್ನೂ ಎಬ್ಬಿಸುವುದಿಲ್ಲ.

ಖಲ್ಫಾನನನ್ನು ಎಬ್ಬಿಸಿದೆ. ಬೈದ.
'ಇನ್ನೊಂದು ಕಡತ ಕೊಟ್ಟಿದ್ದರಲ್ಲ, ಎಲ್ಲಿ?'
'ಡೌನ್‌ಲೋಡಿನಲ್ಲೇ ಇದೆ. ಬೇಕಾ ಅದು?'
ಬೇಕು ಮಾರಾಯ.
ನಿನ್ನದು ಮೇಲೆ, ಅದು ಕೆಳಗೆ, ಒಟ್ಟಿಗೆ ಅಂಟಿಸು,
ಸರ್ವರಿಗೆ ಮತ್ತೊಮ್ಮೆ ಓದಲು ಹೇಳು.

ಮೂರೂ ಹತ್ತಕ್ಕೆ ಹಸಿರು.
ನೂಡಲ್ಸ್ ತಣ್ಣಗೆ ಮುದ್ದೆಯಾಗಿತ್ತು, ರೊಡೆಲ್ ಅದನ್ನೇ ತಿಂದ.
ವರದಿಯಲ್ಲಿ 'ಕಾರಣ' ಎಂಬಲ್ಲಿ ಬರೆದೆ:
ನಡುವಿನವರನ್ನು ಕಳಿಸಿರಲಿಲ್ಲ.

ಪಾಳಿ ಮುಗಿಸಿ ಹಮ್ರಿಯಾದಲ್ಲಿ ಇಳಿದೆ.
ಬೋಳು ಗುಡ್ಡಗಳ ಹಿಂದೆ ಆಗಲೇ ಬಿಸಿಲು ಕಾಯುತ್ತಿತ್ತು.
ಆ ಅಂಗಡಿಯಲ್ಲೀಗ ಮೊಬೈಲ್ ರಿಪೇರಿ.
ಭೂತಗನ್ನಡಿ ಕಣ್ಣಿಂದ ತೆಗೆಯದೆ ಹುಡುಗ ಕೇಳಿದ, ಯಾರು ಬೇಕು?
ಇಲ್ಲಿ ಚಹಾ ಮಾಡುತ್ತಿದ್ದರು, ಪುತ್ತುಬಾವ.
'ನೀವು ಅವರಿಗೆ ಏನಾಗಬೇಕು?'

ಮಗಳು ಅಂದೆ.
ಹುಡುಗ ಸ್ಟೂಲು ಎಳೆದು ಕೊಟ್ಟ.