ಎಣಿಸಿಟ್ಟ ಕಲ್ಲು

ಗಾಡಿ ಸಾಯೂ ಮುಂಚೆ ಹೇಳತೈತಿ.
ಕಾವಿನ ಮುಳ್ಳು ಕೆಂಪಿಗೆ ಮೂಗು ತಾಗಸತೈತಿ,
ಬಾನೆಟ್ಟಿನ ಒಳಗ ಯಾರೋ ಒಮ್ಮೆ
ಚಪ್ಪಾಳಿ ಹೊಡದಂಗ ಆಗತೈತಿ.
ಅದು ಬೆಲ್ಟು.
ಅಲ್ಲಿಂದ ನಿಂದರೂತನಕ ನಿನ್ನ ಕೈಯಾಗ ಇರೂದು
ಇಳಿಜಾರು ಕೊಟ್ಟಷ್ಟು ದಾರಿ.

ಬಿಳಿ ಗೆರಿ ಒಳಗ ನಿಂತರ
ಕಬ್ಬಿನ ಲಾರಿಯಾಂವ ನಿದ್ದಿಗಣ್ಣಾಗ ಬರತಾನ.
ಪುಲಿನ ಮ್ಯಾಲ ನಿಂತರ ಕಟ್ಟಿ, ಕಟ್ಟಿ ಆಚೆ ಗಾಳಿ.
ಧಾಬಾದ ದೀಪ ಕಾಣತೈತಿ, ಮುಟ್ಟೂದಿಲ್ಲ.
ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡದೀನಿ.
ರಸ್ತಾದಾಗ ಅಷ್ಟು ಏನ ನೋಡತಿ, ಅಂತ
ಹೆಂಡತಿ ಒಮ್ಮೆ ಕೇಳಿದ್ಲು.
ನಿಂದರೂ ಜಾಗ, ಅಂದೆ.

ಮನಗೂಳಿ ದಾಟಿ, ಮೇಲ್ಸೇತುವೆ ಇಳದ ಮ್ಯಾಲ
ಎಡಕ್ಕ ಒಂದು ಬೇವಿನ ಗಿಡ.
ಎರಿ ಮಣ್ಣು ಮೊದಲ ಕರಿ, ಗಿಡದ ಕೆಳಗ ಅದಕ್ಕೂ ಕರಿ:
ಎಷ್ಟೋ ಎಂಜಿನ್ನು ಸೋರಿದ ಆಯಿಲ್ಲು.
ತುಕ್ಕ ಹಿಡದ ನಟ್ಟು, ಹರದ ಹೋಸು,
ಇಸ್ಪೀಟಿನ ಒಂದು ರಾಣಿ.
ಹೇಳಿ ಕಳಿಸಿದಂಗ ಎಲ್ಲಾರೂ ಇಲ್ಲೇ ಕೆಟ್ಟಾರ.
ಏರಿನ್ಯಾಗ ದಮ್ಮು ಹಿಡದದ್ದು ಉಳ್ಳಕೋತ ಉಳ್ಳಕೋತ
ಈ ಗಿಡಕ್ಕ ಬಂದು ಉಸಿರ ಬಿಡತೈತಿ.
ನಂದೂ ಬಿಟ್ಟಿತು.

ಹಿಂದಿನ ಸೀಟಿನ್ಯಾಗ ಮುದ್ದೇಬಿಹಾಳದ ಸಿಂಪಿ ನೀಲಕಂಠ,
ತೊಡಿ ಮ್ಯಾಲ ದುರಸ್ತಿ ಮಾಡಿಸಿದ ಹೊಲಿಗಿ ಮಷೀನಿನ ತಲಿ,
ಎಳೇಕೂಸಿನಂಗ ಟಾವೆಲ್ಲಿನ್ಯಾಗ ಸುತ್ತಿ.
"ಎಲ್ಲಿ ಬಂದಿವಿ?" ಅಂದ.
"ಎಲ್ಲೂ ಬಂದಿಲ್ಲ" ಅಂದೆ.

ಕತ್ತಲದಾಗಿಂದ ಬ್ಯಾಟರಿ ಬೆಳಕು ಬಂತು,
ಅದರ ಹಿಂದ ದಾವಲಬಿ.
ಗಂಡಸರ ಸ್ವೆಟರು, ಒಂದು ಕೈಯಾಗ ನೀರಿನ ಕೊಡ.
ಹೆಸರ ಕೇಳಲಿಲ್ಲ, ಊರ ಕೇಳಲಿಲ್ಲ,
ಗಿಡದ ಬುಡಕ್ಕ ಬೆಳಕ ಬಿಟ್ಟು ತೋರಿಸಿದಳು:
ಸುಣ್ಣ ಬಳದ ಕಲ್ಲು.
"ನಾಕು ಅದಾವು.
ಗಾಲಿಗೆ ಎರಡು, ದೂರ ರಸ್ತಾದ ಅಂಚಿಗೆ ಎರಡು,
ಟೊಂಗಿ ಜೋಡಿ ಇಡು.
ಹೋಗೂ ಮುಂದ ನಾಕೂ ಇಲ್ಲೇ ಬರಬೇಕು.
ಮರತೆ ಅನಬ್ಯಾಡ. ಎಲ್ಲಾರೂ ಮರೀತಾರ.
ಗಾಡಿ ಚಾಲೂ ಆತೋ,
ಕಲ್ಲಿಗೂ ನಿಮಗೂ ಸಂಬಂಧ ಹರೀತು."

"ಏಟು ವರ್ಷ ಆತವ್ವಾ?" ಸಿಂಪಿ ಕೇಳಿದ.
"ಯಾವದು?"
ಬೆಳಕು ರಸ್ತಾದ ನಡುವ ಒಂದು ಕಡೆ ಹೋಗಿ
ಅಲ್ಲೇ ತುಸು ಹೊತ್ತು ನಿಂತು
ಹೊಳ್ಳಿ ಬಂತು.
"ಅಂವನ ಸೈಕಲ್ ಮೋಟಾರಿಗೆ ಲೈಟ್ ಇತ್ತು" ಅಂದಳು.
"ಕರೀ ಕಲ್ಲು. ಲೈಟಿಗೂ ಕಾಣಲಿಲ್ಲ."

ಸಿಂಪಿ ಮಷೀನಿನ ತಲಿ ಸೀಟಿಗೆ ಮಲಗಿಸಿ
ಚೀಲದಾಗಿಂದ ಹೊಸಾ ಚರ್ಮದ ಪಟ್ಟಿ ತಗದ.
ಕೊರಳಪಟ್ಟಿ ಅಳತಿ ತಗೋಳಾಂವನಂಗ
ಎಂಜಿನ್ನಿಗೆ ಸುತ್ತಿ ನೋಡಿದ,
ಕತ್ತರಿಸಿದ, ಕೊಂಡಿ ಹಾಕಿದ.
ಹಳೇ ಸುಮೋ, ಪಾಪ, ಒಪ್ಪಿಕೊಂಡಿತು.
"ಕಾಜ ಹೊಲದಂಗ ಹೊಡಿ" ಅಂದ, "ಸಾವಕಾಶ."

ಏಳು ಕಿಲೋಮೀಟರ ಆದ ಮ್ಯಾಲ ಮತ್ತ ಅಂದ:
"ಮೂರು ತಂದಿಟ್ಟಿ."
"ನಾಕು."
"ಮೂರು. ನಾ ಗುಂಡಿ ಎಣಸೂ ಮನಶ್ಯಾ."

ಹೈವೇದಾಗ ಹೊಳ್ಳೂದು ಸಸಾರಲ್ಲ.
ಮುಂದ ಹೋಗಿ ಯೂ ಟರ್ನು,
ಆ ಕಡೆ ಪುಲಿನತನಕ ಹೋಗಿ
ಮತ್ತ ಈ ಕಡೆ.
ಚರ್ಮ ಸುಟ್ಟ ವಾಸನಿ ಬಂತು,
ಸಿಂಪಿ ಮೂಗು ಮುಚ್ಚಿದ, ಬಾಯಿ ತಗೀಲಿಲ್ಲ.

ದಾವಲಬಿ ಇದ್ದಿಲ್ಲ. ಹೊಲದ ಆಚೆ
ಪತ್ರಾಸಿನ ಮನಿ ದೀಪ ಆರಿತ್ತು.
ಎಂಜಿನ್ ಬಂದ್ ಮಾಡಲಿಲ್ಲ,
ಮಾಡಿದರ ಮತ್ತ ಹತ್ತೂದಿಲ್ಲ ಅಂತ.
ಗಿಡದ ಬುಡಕ್ಕ ಬಗ್ಗಿ ಮೊಬೈಲಿನ ಬೆಳಕ ಹಿಡದೆ.
ಒಂದರ ಸುಣ್ಣದ ಮ್ಯಾಲ
ನನ್ನ ಟೈರಿನ ಹಲ್ಲು ಮೂಡಿತ್ತು.
ಎಣಿಸಿದೆ.
ಇನ್ನೊಮ್ಮೆ ಎಣಿಸಿದೆ.
"ಎಷ್ಟು?" ಅಂತ ಸಿಂಪಿ ಒಳಗಿಂದ ಒದರಿದ.

ಅಷ್ಟರಾಗ ಕಬ್ಬಿನ ಲಾರಿ ಒಂದು ಬಂತು,
ಹಾಡ ಹಚಗೊಂಡು, ಗಳ ಉದರಿಸಿಕೋತ,
ಕಲ್ಲು ಇರಬೇಕಾಗಿದ್ದ ಜಾಗದ ಮ್ಯಾಲ
ಹಾಯ್ದು ಹೋತು.
ಅದಕ್ಕ ಏನೂ ಗೊತ್ತಾಗಲಿಲ್ಲ.