ಮೂರನೇ ಗೇರಿನ ತಡವರಿಕೆ

ಎಷ್ಟು ಹಲ್ಲಿತ್ತು, ಅಂತ ಕೇಳುತ್ತಾನೆ ಉರ್ಪೊ,
ಅಂಗೈಯಲ್ಲಿ ಎರಡು ಬೂದು ಚಕ್ರ ಹಿಡಿದು.
ಎಂಟೋ, ಇಪ್ಪತ್ನಾಲ್ಕೋ?
ನಾನೇನು ಬಲ್ಲೆ.
ಇಪ್ಪತ್ತೇಳು ವರ್ಷ ಮರದ ಲಾರಿ ಓಡಿಸಿದೆ,
ಗೇರುಪೆಟ್ಟಿಗೆಯ ಬಾಯಿ ಬಿಡಿಸಿ ಹಲ್ಲು ಎಣಿಸಿದವಳಲ್ಲ.
ನನಗೆ ಗೊತ್ತಿದ್ದದ್ದು ಸದ್ದು,
ಸೀಟಿನಿಂದ ಸೊಂಟಕ್ಕೆ ಏರುವ ನಡುಕ,
ಕುಹ್ಮೊದಿಂದ ಕಾಯಾನಿಗೆ ನೂರು ಕಿಲೋಮೀಟರು
ಬೆನ್ನ ಹಿಂದೆ ದಿಮ್ಮಿಗಳು ಒಂದಕ್ಕೊಂದು ಹೇಳಿಕೊಳ್ಳುವ ಚಾಡಿ.

ಅವನು ಶಾಲೆಯ ಬಾಯ್ಲರು ಕಾಯ್ದವನು.
ನನ್ನ ಲಾರಿ ಹತ್ತಿದ್ದು ಎರಡೇ ಸಲ:
ಒಮ್ಮೆ ದವಡೆ ಹಲ್ಲು ಕೀಳಿಸಲು,
ಇನ್ನೊಮ್ಮೆ, ಜಗಳ ಅರ್ಧಕ್ಕೆ ನಿಲ್ಲಬಾರದೆಂದು
ಮನೆಯ ಚಪ್ಪಲಿಯಲ್ಲೇ ಹಿಮದಲ್ಲಿ ಓಡಿಬಂದು.
ಈಗ ಅಡುಗೆಮನೆಯ ಮೇಜಿನ ಮೇಲೆ ಅದನ್ನೇ ಕಟ್ಟುತ್ತಿದ್ದಾನೆ,
ನನ್ನ ಬಾಯಿಂದ ಕೇಳಿ ಕೇಳಿ.

ಪಕ್ಕದ ಮನೆಯ ಓಸ್ಮೊ ಮೀಸೆ ಮೂಡಿದ ಮೇಲೆ ಮಾರಿದ
ಎರಡು ಬಕೆಟ್ ಪ್ಲಾಸ್ಟಿಕ್ ಇಟ್ಟಿಗೆ.
ಮೊಟ್ಟೆಯ ತಟ್ಟೆಗಳಲ್ಲಿ ಗೂಟ, ಅಚ್ಚು, ತೂತಿನ ಪಟ್ಟಿ.
ಜಾಮಿನ ಡಬ್ಬಿಯಲ್ಲಿ ಹಲ್ಲುಚಕ್ರ.
ನೀಲಿ ಸಾಲಲಿಲ್ಲ. ಎಡಬಾಗಿಲು ನೀಲಿ, ಬಲದ್ದು ಹಳದಿ.
ನಿನ್ನದು ಪೂರ್ತಿ ನೀಲಿ ಅಲ್ಲವಾ, ಎಂದು ಪೇಚಾಡಿದ.
ಇರಲಿ ಬಿಡು,
ನಾನು ಒಳಗೆ ಕೂತವಳು, ಬಣ್ಣ ಕಂಡವರು ಊರಿನವರು.

ನವೆಂಬರು. ಮೂರು ಗಂಟೆಗೇ ಕತ್ತಲು.
ಓಡಲು ಒಂದು ಮೋಟಾರು, ಕ್ರೇನಿಗೆ ಇನ್ನೊಂದು.
ಒಂದು ಅಚ್ಚು ಅವರೆಕಾಳಿನಷ್ಟು ಉದ್ದ ಹೆಚ್ಚಾಯಿತೆಂದು
ಇಡೀ ಹಿಂಭಾಗ ಬಿಚ್ಚಿದ. ಕಟ್ಟಿದ. ಬಿಚ್ಚಿದ.
ಕ್ರೇನು ಮೊದಲ ಸಲ ಕೈಚಾಚಿದ್ದೇ ತಡ
ಲಾರಿ ಪಕ್ಕಕ್ಕೆ ವಾಲಿ ಮಗುಚಿ ಬಿತ್ತು.
ಕಾಲು ಊರಬೇಕಲ್ಲ ಮಾರಾಯ, ಎಂದೆ,
ಭಾರ ಎತ್ತುವ ಮುಂಚೆ ನೆಲಕ್ಕೆ ಹೇಳಬೇಕು.
ಬೆಳಗಾಗುವುದರಲ್ಲಿ ಎರಡು ಕಾಲು ಮೂಡಿದ್ದವು.

ಭಾನುವಾರ ರಿಮೋಟು ನನ್ನ ಕೈಗಿತ್ತ.
ಹದಿಮೂರು ಬರ್ಚ್ ಕಡ್ಡಿ ಹೊತ್ತು ಹೊರಟಿತು,
ಒಂದು, ಎರಡು, ಮೂರು,
ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.
ಚೆನ್ನಾಗಿದೆ, ಎಂದೆ.
ನನ್ನ ಚೆನ್ನಾಗಿದೆಗಳು ಅವನಿಗೆ ಗೊತ್ತು.
ಏನು ಕಮ್ಮಿ?
ಕಮ್ಮಿಯಲ್ಲ. ಇದು ನನ್ನದಲ್ಲ, ಅಷ್ಟೆ.
ನನ್ನದು ಮೂರಕ್ಕೆ ಬೀಳುವಾಗ ತಡವರಿಸುತ್ತಿತ್ತು,
ಹೊಸ್ತಿಲಲ್ಲಿ ನಿಂತು, ಒಳಗೆ ಏನೋ ಬಿಟ್ಟೆನೇ
ಎಂದು ನೆನಪಿಸಿಕೊಳ್ಳುವವರ ಹಾಗೆ.
ಆ ಅರೆಗಳಿಗೆಯಲ್ಲಿ ನಾನು ಎಡಗನ್ನಡಿ ನೋಡುತ್ತಿದ್ದೆ.
ಹಾಗೆ ನೋಡಿದ್ದಕ್ಕೇ ಒಂದು ಫೆಬ್ರುವರಿಯಲ್ಲಿ ಕಂಡದ್ದು
ಕಡೆಯ ದಿಮ್ಮಿಗಳ ಪಟ್ಟಿ ಸಡಿಲಿ ಗಾಳಿಗೆ ಬಡಿಯುತ್ತಿದ್ದದ್ದು,
ಹಿಂದೆಯೇ ಒಂದು ಪುಟ್ಟ ಕೆಂಪು ಕಾರು.

ಇದನ್ನು ಅವನಿಗೆ ಎಂದೂ ಹೇಳಿರಲಿಲ್ಲ.
ಅವನು ಮೀನಿನ ಸಾರು ಕುಡಿದ. ತಟ್ಟೆ ತೊಳೆದ.

ನಡುರಾತ್ರಿ ಎಚ್ಚರಾದರೆ ಅರ ಉಜ್ಜುವ ಸದ್ದು.
ದೀಪದ ಕೆಳಗೆ ಕೂತು, ನನ್ನದೇ ಉಗುರಿನ ಅರ ಕದ್ದು,
ಮೂರನೇ ಗೇರಿನ ಚಕ್ರದಲ್ಲಿ
ಒಂದೇ ಒಂದು ಹಲ್ಲು ತೇಯುತ್ತಿದ್ದ,
ನಾಲಗೆ ಕಚ್ಚಿಕೊಂಡು.
ವಾರಗಟ್ಟಲೆ ಎಡವದಂತೆ ಕಟ್ಟಿದ್ದಕ್ಕೆ
ಎಡವಲು ಕಲಿಸುತ್ತಿದ್ದ.
ನಾನು ಸದ್ದಿಲ್ಲದೆ ಹಿಂದಿರುಗಿ ಮಲಗಿದೆ.

ಈಗ ಜಮಖಾನೆಯ ಅಂಚಿನಿಂದ ಒಲೆಯವರೆಗೆ ಓಡಿಸುತ್ತೇನೆ.
ಒಂದು. ಎರಡು. ಟಕ್.
ನನ್ನದು ತಡವರಿಸುತ್ತಿದ್ದದ್ದು ಒಮ್ಮೆ ಮಾತ್ರ,
ಇದು ಸುತ್ತಿಗೊಮ್ಮೆ.
ಅದನ್ನು ಹೇಳಹೋಗಿಲ್ಲ.
ಟಕ್ ಎಂದಾಗಲೆಲ್ಲ ಕಣ್ಣು ತಾನಾಗಿ ಎಡಕ್ಕೆ ಹೊರಳುತ್ತದೆ,
ಕನ್ನಡಿ ಇರಬೇಕಾದ ಕಡೆಗೆ.
ಅಲ್ಲಿ ಉರ್ಪೊ ಕೂತಿದ್ದಾನೆ,
ಸೋತ ಬ್ಯಾಟರಿಗಳನ್ನು ಅಂಗೈಯಲ್ಲಿ ಉಜ್ಜಿ
ಬಿಸಿ ಮಾಡುತ್ತಾ.