ರಿಯಲಿ ಕೂರುವ ಜಾಗ

ಅಮ್ಮತ್ತಿ ಆಸ್ಪತ್ರೆ, ಏಳನೇ ಮಂಚ.
ಕರಿಮೆಣಸಿನ ಏಣಿಯಿಂದ ಬಿದ್ದ ಚೋಂದಮ್ಮ ಟೀಚರ್,
ವಯಸ್ಸು ಎಪ್ಪತ್ತಾರು, ಎಡ ಸೊಂಟ.
ಏಣಿ ಹತ್ತಿದ್ದು ಆಳುಗಳಿಗೆ ತೋರಿಸಲಿಕ್ಕಂತೆ,
ಬಳ್ಳಿ ಹರಿಯದೆ ಗೊಂಚಲು ಬಿಡಿಸುವುದು ಹೇಗೆಂದು.

ನೋವಿದೆಯಾ ಅಂದೆ.
ಮೂವತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದ ಬಾಯಿ,
ಮುರಿದ ಮೂಳೆಗೂ ಅದೇ ಭಾಷೆ:
ಇಟ್ ಡಸಂಟ್ ರಿಯಲಿ ಹರ್ಟ್, ಸಿಸ್ಟರ್.

ಚಾರ್ಟಿನಲ್ಲಿ ಬರೆದೆ, ನೋವಿಲ್ಲ.
ರಿಯಲಿ ಅಂದರೆ ನಿಜವಾಗಿ ತಾನೆ?
ನಿಜವಾಗಿಯೂ ಇಲ್ಲ. ಇಂಜೆಕ್ಷನ್ ಬೇಡ.

ಬೆಳಿಗ್ಗೆ ನೋಡಿದರೆ
ಹೊದಿಕೆಯ ಅಂಚಿನುದ್ದ ಹಲ್ಲಿನ ಗುರುತು.

ಬೈಯಲಿಲ್ಲ. ನನ್ನ ಜೇಬಿನ ಪೆನ್ನು ಕೇಳಿ ಪಡೆದು
ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, ಅದರ ಒಳಮೈಗೆ
ಎರಡು ಸಾಲು ಬರೆದರು.

ಇಟ್ ರಿಯಲಿ ಡಸಂಟ್ ಹರ್ಟ್.
ಇಟ್ ಡಸಂಟ್ ರಿಯಲಿ ಹರ್ಟ್.

"ಮೊದಲನೆಯದರಲ್ಲಿ ರಿಯಲಿ 'ಇಲ್ಲ'ದ ಮುಂದೆ ನಿಂತಿದೆ,
ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ನೋವೇ ಇಲ್ಲ.
ಎರಡನೆಯದರಲ್ಲಿ ಹಿಂದೆ ಸರಿದಿದೆ,
ಬಾಗಿಲು ಅರ್ಧ ತೆರೆದಿದೆ. ಅಂಥಾ ನೋವೇನಿಲ್ಲ, ಅಷ್ಟೆ.
ನಿನ್ನಜ್ಜಿ ಅಂಥಾ ನೋವೇನಿಲ್ಲ ಅಂದಾಗ
ನೀನು ಎಣ್ಣೆ ಬಿಸಿ ಮಾಡುತ್ತಿದ್ದೆಯೋ ಇಲ್ಲವೋ?"

ಮಾಡುತ್ತಿದ್ದೆ.

ಕನ್ನಡದಲ್ಲಿ ಸುಲಭ ಟೀಚರ್, ಅಂದೆ.
ಒಂದು ಏಕಾರ. ಎಲ್ಲಿ ಒತ್ತಬೇಕೋ ಅಲ್ಲಿಗೇ ಕಚ್ಚಿಕೊಳ್ಳುತ್ತದೆ,
ಜಿಗಣೆ ಹಾಗೆ.
ನಕ್ಕರು. ನಕ್ಕಿದ್ದಕ್ಕೆ ಸೊಂಟ ಹಿಡಿಯಿತು.
"ಇಂಗ್ಲಿಷಿನ ಒತ್ತುಪದ ಕಚ್ಚುವುದಿಲ್ಲ ಮಗೂ,
ಕುರ್ಚಿ ನೋಡಿ ಕೂರುತ್ತದೆ.
ಒಂದು ಕುರ್ಚಿ ಆಚೀಚೆಯಾದರೆ
ಯಾರಿಗೋ ಒಂದು ರಾತ್ರಿ ನಿದ್ದೆಯಿಲ್ಲ."

ಆಮೇಲೆ ಎಲ್ಲೆಲ್ಲೂ ಕುರ್ಚಿಗಳೇ ಕಂಡವು.
ಔಷಧಿ ಕಂಪನಿಯವನು ರಿಯಲಿ ರಿಯಲಿ ಎಂದು
ಎರಡೆರಡು ಹಾಕಿದ, ಒಂದರಲ್ಲೂ ಯಾರೂ ಕೂತಿರಲಿಲ್ಲ.
ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರ್ ಕಾವೇರಿಯಪ್ಪ
ಐ ಡೋಂಟ್ ರಿಯಲಿ ನೋ ಅಂದಾಗ
ನಾನು ಅವರ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದೆ.

ಕಾಫಿ ಕಣದ ಹುಳಿವಾಸನೆ ವಾರ್ಡಿನೊಳಗೆ ಬರುವ ತಿಂಗಳು.
ನಾಳೆ ಆಪರೇಷನ್, ಮೈಸೂರಿನಿಂದ ಡಾಕ್ಟರು.
ರಾತ್ರಿಪಾಳಿಯವಳಿಗೆ ಬೀಗದಕೈ ಕೊಟ್ಟು
ಸಿದ್ದಾಪುರದ ಕೊನೆ ಬಸ್ಸಿಗೆಂದು ಹೊರಟವಳು
ಸುಮ್ಮನೆ ಕೇಳಿದೆ, ಭಯವಾ ಟೀಚರ್?

ಕಿಟಕಿಯಾಚೆ ಸಿಲ್ವರ್ ಓಕಿನ ಕಡೆ ನೋಡುತ್ತಾ
ಐ ಆಮ್ ನಾಟ್ ರಿಯಲಿ ಅಫ್ರೇಡ್, ಅಂದರು,
ಪದಪದ ಬಿಡಿಸಿ, ಡಿಕ್ಟೇಷನ್ ಕೊಡುವ ಹಾಗೆ.

ಬಸ್ಸು ಹಾರ್ನ್ ಹೊಡೆಯಿತು, ಎರಡು ಸಲ.
ನಾನು ಕುರ್ಚಿ ಎಳೆದುಕೊಂಡು
ಅವರ ಎಡಕ್ಕೆ ಕೂತೆ.